ಅಡಗಿಮನಿ ಭಂಡಾರ

ನಿಮ್ಮ ಮನ್ಯಾಗ ಎಲ್ಲಾರಕಿಂತ ಸಾವಕಾಶ ನಡ್ಯಾವ್ರು ಯಾರು? ಈಗ ಹೇಳಬ್ಯಾಡ್ರಿ. ಕತಿ ಮುಗಿಯೂತನಾ ಆ ಹೆಸರ ಮನಸಿನ್ಯಾಗ ಇಟಗೋರಿ.

ಕೂಡ್ರಿ, ಸಣ್ಣ ಹುಡುಗರನ್ನ ತೊಡಿ ಮ್ಯಾಲ ಕುಂದರಿಸಿಕೋರಿ. ಈ ಕತಿ ನಡದದ್ದು ನಮ್ಮ ಕೃಷ್ಣಾ ಹೊಳಿ ಸೀಮ್ಯಾಗಿನ ಒಂದು ಸಣ್ಣ ಪಟ್ಟಣದಾಗ. ಊರ ಹೆಸರ ನಾ ಹೇಳೂದಿಲ್ಲ. ಜಮಖಂಡ್ಯಾವ್ರು ಕೇಳಿದ್ರ ಬೀಳಗಿ ಕಡೀದು ಅಂತೇನಿ, ಬೀಳಗ್ಯಾವ್ರು ಕೇಳಿದ್ರ ಮುಧೋಳ ಕಡೀದು ಅಂತೇನಿ. ನಿಮ್ಮೂರ ಅಂತ ಅನಸಿದ್ರ ನಿಮ್ಮೂರ ಅಂದ್ಕೋರಿ, ನಂದೇನ ತಕರಾರಿಲ್ಲ.

ಆ ಊರಾಗ ಅಮಸಿದ್ದಪ್ಪ ಅಂತ ಪಟ್ಟಣ ಪಂಚಾಯ್ತಿ ಮೆಂಬರ್ ಇದ್ದ. ಅಜ್ಜ ಮುತ್ತ್ಯಾನ ಕಾಲದಿಂದ ಕುರಿ ಕಾಯೂ ಮನೆತನ, ಬೀರಪ್ಪ ದೇವರ ಒಕ್ಕಲು. ಡ್ಯಾಮಿನ ಹಿನ್ನೀರ ಬಂದು ಅವರ ಹಳ್ಳಿ ಮುಳುಗಿದಾಗ ಮಂದಿ ಜೋಡಿ ಬೀರಪ್ಪನೂ ಎದ್ದು ಬಂದ. ಮಂದಿಗೆ ಮನಿ ಕಟಗೊಳ್ಳಾಕ ಜಾಗಾ ಸಿಕ್ಕದ್ದು ದೊಡ್ಡ ರಸ್ತಾದ ಈ ಕಡೆ. ದೇವರಿಗೆ ಗುಡಿ ಕಟ್ಟಾಕ ಸಿಕ್ಕದ್ದು ಆ ಕಡೆ. ಹೈಸ್ಕೂಲೂ ಆ ಕಡೆನ. ಹೊಸ ಊರಾಗ ಕುರಿ ಮೇಸಾಕ ಅಡವಿ ಎಲ್ಲಿಂದ ತರೂದು? ಅಮಸಿದ್ದಪ್ಪ ಕುರಿ ಮಾರಿದ, ಕಂಬಳಿ ಮಡಚಿ ಟ್ರಂಕಿನ್ಯಾಗ ಇಟ್ಟ, ಎಲೆಕ್ಷನ್ನಿಗೆ ನಿಂತ, ಗೆದ್ದ.

"ನಡದು ನಡದು ನನ್ನ ಅಂಗಾಲ ಕಲ್ಲಾಗ್ಯಾವ. ನಮ್ಮಪ್ಪ ನಡದ, ನಾ ನಡದೆ. ಇನ್ನ ಮುಂದ ನಮ್ಮ ಮನೆತನದಾಗ ಯಾರೂ ನಡೀಬಾರದು" ಅಂತಿದ್ದ.

ಅದಕ್ಕ ಮೆಂಬರ್ ಆದ ಕೂಡ್ಲೆ ಎರಡು ಕೆಲಸ ಮಾಡಿದ. ಒಂದು, ಮೋಟರ್ ಸೈಕಲ್ ತಗೊಂಡ. ಇನ್ನೊಂದು, ಹಟಾ ಹಿಡದು ದೊಡ್ಡ ರಸ್ತಾ ಅಗಲ ಮಾಡಿಸಿದ. ರಸ್ತಾದ ಈ ಬದಿಗೆ, ಬೀರಪ್ಪನ ಗುಡಿ ಎದುರಿಗೆ, ಒಂದು ಕರೀ ಕಲ್ಲ ನಿಲ್ಲಿಸಿ ಮೆಂಬರುಗಳ ಹೆಸರ ಕೆತ್ತಿಸಿದ್ರು. ಅಮಸಿದ್ದಪ್ಪನ ಹೆಸರು ಏಳನೇ ಸಾಲಿನ್ಯಾಗ. ದಿನಾ ಗಾಡಿ ಮ್ಯಾಲ ಹೋಗುವಾಗ ಆ ಸಾಲ ಒಮ್ಮೆ ನೋಡದಿದ್ರ ಅವಗ ಚಾ ರುಚಿ ಹತ್ತತಿದ್ದಿಲ್ಲ.

ರಸ್ತಾ ಛಲೋ ಆತು, ಸುಳ್ಳ ಯಾಕ ಹೇಳ್ಲಿ. ಕಬ್ಬಿನ ಟ್ರ್ಯಾಕ್ಟರು ಎರಡೆರಡು ಟ್ರೇಲರ್ ಕಟಗೊಂಡು, ಹಾಡ ಹಚಗೊಂಡು, ಭರ್ರಂತ ಹೋಗಾಕತ್ತಿದ್ವು. ಬಸ್ಸಿಗೆ ಜಾಗಾ ಆತು, ಲಾರಿಗೆ ಜಾಗಾ ಆತು. ಕಾಲಿಗೆ ಮಾತ್ರ ಜಾಗಾ ಉಳೀಲಿಲ್ಲ. ಡಾಂಬರ ಮುಗದಲ್ಲಿ ಗಟಾರ, ಗಟಾರ ಮುಗದಲ್ಲಿ ತಗಡಿನ ಅಂಗಡಿ ಡಬ್ಬಿ. ನಡ್ಯಾವ್ರು ಡಾಂಬರಿನ ಅಂಚಿಗೆ ಹಗ್ಗದ ಮ್ಯಾಲ ನಡದಂಗ ನಡೀಬೇಕು.

ಅಮಸಿದ್ದಪ್ಪಗ ಇದ್ಯಾವದೂ ಕಾಣತಿದ್ದಿಲ್ಲ. ಗಾಡಿ ಮ್ಯಾಲ ಕುಂತಾವಗ ಗಟಾರ ಯಾಕ ಕಾಣಬೇಕ್ರಿ?

ಅವಗ ಕಾಣತಿದ್ದದ್ದು ಬ್ಯಾರೇನ. ಪ್ರತಿ ರವಿವಾರ ಆ ಕರೀ ಕಲ್ಲಿನ ಬುಡಕ ಯಾರೋ ನಾಕು ಚೆಂಡುಹೂವು ಇಟ್ಟು ಹೋಗಿರತಿದ್ರು. ಮೊದಲನೇ ಸಲ ನೋಡಿದಾಗ ಅಮಸಿದ್ದಪ್ಪನ ಎದಿ ತುಂಬಿ ಬಂತು. ಇನ್ನೊಬ್ಬ ಮೆಂಬರ್ ಗಿರಿಮಲ್ಲಪ್ಪಗ ಕರದು ತೋರಿಸಿದ. "ನೋಡೋ ಗಿರಿಮಲ್ಲಪ್ಪ, ಮಂದಿ ಪ್ರೀತಿ ಅಂದ್ರ ಇದು. ಕೇಳಲಾರದ ಬರತೈತಿ."

ಗಿರಿಮಲ್ಲಪ್ಪನ ಹೆಸರು ಹನ್ನೊಂದನೇ ಸಾಲಿನ್ಯಾಗ ಇತ್ತು. ಹೂವು ತನಗೂ ಇದ್ದೀತು ಅಂತ ಅವನೂ ಮೀಸಿ ಮ್ಯಾಲ ಕೈ ಆಡಿಸಿದ.

ಮನ್ಯಾಗ ಅಮಸಿದ್ದಪ್ಪನ ಹೇಣ್ತಿ ಪದ್ಮವ್ವ, ಹೈಸ್ಕೂಲಿಗೆ ಹೋಗೂ ಮೊಮ್ಮಗಳು ಶೀತಲ್. ಪದ್ಮವ್ವಗ ಮೊಣಕಾಲು ಹಿಡದು ಎರಡು ವರ್ಷ ಆಗಿತ್ತು, ಎದ್ದ ಕೂಡ್ಲೆ ನಡ್ಯಾಕ ಬರತಿದ್ದಿಲ್ಲ. ಗ್ವಾಡಿ ಹಿಡದು ಎರಡು ಗಳಿಗಿ ನಿಂತು, "ಹಾಂ, ನಡಿ" ಅಂತ ಕಾಲಿಗೆ ಹೇಳಿ ಹೊಂಡತಿದ್ಲು. ಆದ್ರ ರವಿವಾರ ತಪ್ಪಸ್ತಿದ್ದಿಲ್ಲ. ಮುಂಜಾನೆದ್ದು ತಲಿ ಮ್ಯಾಲ ನೀರ ಹಾಕ್ಕೊಂಡು, ಹೂವಿನ ಬುಟ್ಟಿ ಹಿಡಕೊಂಡು, "ಬೀರಪ್ಪನ ಗುಡಿಗಿ ಹೋಗಿ ಬರ್ತೇನ್ರಿ" ಅಂತ ಹೋಗಾಕಿ. ತಿರುಗಿ ಬಂದು ಗಂಡನ ಹಣಿಗೆ ಭಂಡಾರ ಹಚ್ಚಾಕಿ. ಭಂಡಾರ ಅಂದ್ರ ದೇವರಿಗೆ ಏರಿಸಿದ ಅರಿಷಿಣ. ಬೀರಪ್ಪನ ಒಕ್ಕಲಿಗೆ ಅದಕಿಂತ ದೊಡ್ಡ ಕಾಪು ಇನ್ನೊಂದಿಲ್ಲ. ಅದು ಹಣಿಮ್ಯಾಲ ಬಿದ್ದ ಮ್ಯಾಲನ ಅಮಸಿದ್ದಪ್ಪನ ವಾರ ಸುರು ಆಗತಿತ್ತು.

ಹಿಂಗಿರುವಾಗ ಸಂಕ್ರಾಂತಿ ಮುಗದ ಮ್ಯಾಲ ಒಂದಿನ ಅಲಕಾ ಅಕ್ಕೋರು ಮನಿಗೆ ಬಂದ್ರು. ಹೈಸ್ಕೂಲಿನ್ಯಾಗ ಗಣಿತಾ ಕಲಿಸಿ ರಿಟೈರ್ ಆದವ್ರು. ಮನ್ಯಾಗ ಮರಾಠಿ, ಹೊರಗ ಕನ್ನಡ, ಊರಿನ ಅರ್ಧ ಮಂದಿ ಕಿವಿ ಹಿಂಡಿದ ಕೈ. ಅಮಸಿದ್ದಪ್ಪ ಮನಿ ಮುಂದಿನ ಕಟ್ಟಿ ಮ್ಯಾಲ ಕುಂತಿದ್ದ. ಆ ಕಟ್ಟಿ ಓಣ್ಯಾಗ ಮೂರು ಫೂಟ ಮುಂದ ಬಂದಿತ್ತು. ಅಕ್ಕೋರು ಅದನ್ನ ಸುತ್ತಿ, ಗಟಾರ ದಾಟಿ ಬರಬೇಕಾತು.

"ಅಹೋ ಮೆಂಬರ್ ಸಾಹೇಬ್ರ, ಇದನ್ನ ಓದಿ ಸಹಿ ಮಾಡ್ರಿ" ಅಂತ ಒಂದು ಕಾಗದ ಚಾಚಿದ್ರು.

"ಏನ್ರಿ ಅಕ್ಕೋರ ಇದು?"

"ಬರೂ ಬುಧವಾರ ಪಂಚಾಯ್ತ್ಯಾಗ ಬಜೆಟ್ ಮಾಡೂಕಿಂತ ಮುಂಚಿನ ಸಭಾ ಐತಿ. ಊರಾಗಿನ ಯಾರ ಬೇಕಾದ್ರೂ ಬಂದು ಮಾತಾಡಬಹುದು. ದೊಡ್ಡ ರಸ್ತಾದ ಎರಡೂ ಬದಿಗೆ ನಡ್ಯಾಕ ಫುಟ್‌ಪಾತ್ ಬೇಕು. ಸಾಲಿ ತನಕ ಸೈಕಲ್ಲಿಗೆ ಒಂದು ದಾರಿ ಬೇಕು. ಗುಡಿ ಮುಂದ, ಸಾಲಿ ಮುಂದ ದಾಟಾಕ ಬಿಳಿ ಪಟ್ಟಿ, ಗಾಡಿ ಸಾವಕಾಶ ಆಗಾಕ ಹಂಪು ಬೇಕು. ಈ ವರ್ಷದ ರೊಕ್ಕ ಇದಕ್ಕ ಇಡ್ರಿ ಅಂತ ಅರ್ಜಿ."

ಅಮಸಿದ್ದಪ್ಪ ನಕ್ಕ. "ರೊಕ್ಕಕ್ಕ ಆಗಲೇ ಕೆಲಸ ಹುಡಿಕೇವ್ರಿ. ಗಿರಿಮಲ್ಲಪ್ಪ ಊರ ಬಾಗಲಿಗೆ ದೊಡ್ಡ ಕಮಾನ ಮಾಡಸೂಣು ಅಂದಾನ. ಬಣ್ಣದ ಲೈಟು, ಎರಡೂ ಕಡೆ ಆನಿ. ಬಂದ ಮಂದಿ ಬಾಯಿ ತಗದು ನೋಡಬೇಕು."

"ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು!" ಅಂದ್ರು ಅಕ್ಕೋರು. "ಬಾಯಿ ತಗದು ಮ್ಯಾಲ ನೋಡಕೋತ ನಿಂತ್ರ ಹಿಂದಿಂದ ಟ್ರ್ಯಾಕ್ಟರ್ ಬಂದು ಎತ್ತಿಕೊಂಡ ಹೊಕ್ಕೈತಿ."

"ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಈಗ ಯಾರ ನಡೀತಾರ್ರಿ? ಎಲ್ಲಾರ ಮನ್ಯಾಗೂ ಗಾಡಿ ಅದಾವ. ನಡ್ಯೂದಂದ್ರ ಬಡತನ್ರೀ. ನನಗ ಗೊತ್ತೈತಿ, ಮೂವತ್ತು ವರ್ಷ ನಡದೇನಿ."

"ಖರೇನ? ಮುಂಜಾನೆ ಹಾಸಗಿಂದ ಎದ್ದು ಗಾಡೀತನಕ ಹ್ಯಾಂಗ ಹೊಕ್ಕೀರಿ, ತೆವಳಕೋತನ?" ಅಕ್ಕೋರ ಧ್ವನಿ ಮೆತ್ತಗಾತು. "ನೋಡ್ರಿ ಅಮಸಿದ್ದಪ್ಪನವರ, ಬಸ್ಸಿಗೆ ಹೋಗಾವ್ರೂ ಮೊದಲ ನಡೀತಾರ. ಗಾಡಿ ನಿಲ್ಲಿಸಿದಾವ್ರೂ ನಡೀತಾರ. ಮುದುಕರು, ಬಸರಿ ಹೆಣಮಕ್ಕಳು, ಸಾಲಿ ಹುಡುಗರು ದಿನಾ ನಡೀತಾರ. ನಡ್ಯೂದು ಬಡತನ ಅಲ್ರಿ, ನಡ್ಯಾಕ ಜಾಗಾ ಇಲ್ಲದ್ದ ಬಡತನ. ನಂಬಿಕಿಲ್ಲಾಂದ್ರ ನಿಮ್ಮ ಮನ್ಯಾವ್ರನ್ನ ಕೇಳ್ರಿ."

"ಆಕೀಗೇನ ತ್ರಾಸ? ಪ್ರತಿ ರವಿವಾರ ರಸ್ತಾ ದಾಟಿ ಗುಡಿಗಿ ಹೋಗಿ ಬರ್ತಾಳ. ನೋಡ್ರಿ ಇಲ್ಲಿ." ಅಮಸಿದ್ದಪ್ಪ ಹಣಿ ಮುಂದ ಮಾಡಿ ತೋರಿಸಿದ. "ಏ ಪದ್ಮವ್ವ, ನಿನಗೇನರ ತ್ರಾಸ ಐತೇನ ದಾಟಾಕ?"

ಚಾ ತಗೊಂಡು ಬಾಗಲದಾಗ ನಿಂತಿದ್ದ ಪದ್ಮವ್ವ, "ನನಗೇನ್ರಿ? ಏನಿಲ್ಲ" ಅಂದು ಕಪ್ ಇಟ್ಟು ಲಗೂಲಗೂ ಒಳಗ ಹೋದ್ಲು. ಆ ಮೊಣಕಾಲಿಲೆ ಅಷ್ಟ ಲಗೂ ಹೋದದ್ದು ಅಕ್ಕೋರಿಗೆ ಗೊತ್ತಾತು. ಗಂಡಗ ಗೊತ್ತಾಗಲಿಲ್ಲ. ದೀಪದ ಬುಡಕ ಕತ್ತಲ ಅಂತಾರಲ್ಲ, ಹಂಗ.

ಅಕ್ಕೋರು ಎದ್ದ್ರು. "ಪಂಚಾಯ್ತ್ಯಾಗ ಏಳು ಮಂದಿ ಕಮಾನಿನ ಕಡೆ ಅದಾರ, ಏಳು ಮಂದಿ ಫುಟ್‌ಪಾತಿನ ಕಡೆ. ಹದಿನೈದನೇ ಕೈ ನಿಮ್ಮದು. ನಾ ಸಹಿ ಬೇಡೂದಿಲ್ಲ, ಒಂದ ಮಾತ ಬೇಡ್ತೇನಿ. ಕೈ ಎತ್ತೂಕಿಂತ ಮುಂಚೆ ಗಾಡಿ ಮನ್ಯಾಗ ಬಿಟ್ಟು ಒಂದು ಸಲ ಗುಡೀತನಕ ನಡದು ನೋಡ್ರಿ."

"ಒಂದ್ಯಾಕ, ಹತ್ತು ಸಲ ನಡೀತೇನಿ! ನಡಿಗಿ ನನಗ ಕಲಸ್ತೀರೇನ್ರಿ?" ಅಂದ ಅಮಸಿದ್ದಪ್ಪ.

ರವಿವಾರ ಬಂತು. ಪದ್ಮವ್ವ ಬುಟ್ಟಿ ಹಿಡಕೊಂಡು ಹೊಂಟ್ಲು.

"ತಡಿ, ನಾನೂ ಬರ್ತೇನಿ" ಅಂದ ಅಮಸಿದ್ದಪ್ಪ.

ಪದ್ಮವ್ವನ ಮಾರಿ ಸಣ್ಣದಾತು. "ನೀವ ಯಾಕ್ರಿ? ಬಿಸಲ ಐತಿ. ಮಂದಿ ನಿಮ್ಮನ್ನ ಕಾಣಾಕ ಬರ್ತಾರ. ಕುಂದ್ರಿ, ಈಗ ಹೋಗಿ ಈಗ ಬರ್ತೇನಿ." ಅಂದಾಕಿನ ಹೊಂಟ ಬಿಟ್ಲು.

ಅಮಸಿದ್ದಪ್ಪ ಚಪ್ಪಲ ಮೆಟ್ಟಿ ಹೊರಗ ಬರೂದ್ರಾಗ ಆಕಿ ಓಣಿ ತಿರುವಿಗೆ ಇದ್ಲು. ಕೂಗಬೇಕಂದ, ಕೂಗಲಿಲ್ಲ. ಕಾಲು ತಾವ ಹಿಂದ ಹಿಂದ ನಡದ್ವು. ಕುರಿ ಕಾಯಾಂವಗ ಮುಂದ ನಡದು ರೂಢಿ ಇಲ್ರಿ, ಹಿಂಡಿನ ಹಿಂದ ನಡದ ರೂಢಿ. ಹಿಂದ ನಡದಾಂವಗ ಕಾಲು ಕಾಣತಾವ. ಅಮಸಿದ್ದಪ್ಪಗ ವರ್ಷಗಟ್ಟಲೆ ಆದ ಮ್ಯಾಲ ಹೇಣ್ತಿ ಕಾಲು ಕಂಡ್ವು. ಎಡಗಾಲು ಊರತಿತ್ತು, ಬಲಗಾಲು ಎಳೀತಿತ್ತು. ಹಿಂಡಿನ್ಯಾಗ ಹಂತಾ ಒಂದು ಕುರಿ ಇದ್ರ ಅದನ್ನ ಹೆಗಲ ಮ್ಯಾಲ ಹಾಕ್ಕೊಂಡು ನಡದಾಂವ ಅಂವ. ಯಾವಾಗಿಂದ ಹಿಂಗ ಎಳ್ಯಾಕತ್ತಾಳ ಇಕಿ, ಅಂದ್ಕೋತ ಹೆಜ್ಜಿ ಸಣ್ಣ ಮಾಡಿದ.

ಓಣಿ ದಾಟೂದ್ರಾಗ ಆಕಿ ಮೂರು ಸಲ ಡಾಂಬರಕ್ಕ ಇಳದ್ಲು. ಒಂದು ಕಡೆ ಅಂಗಡಿ ಡಬ್ಬಿ, ಒಂದು ಕಡೆ ನಿಂತ ಟ್ರೇಲರ್, ಒಂದು ಕಡೆ ಯಾರೋ ಸುರಿವಿದ ಉಸುಕು. ಪ್ರತಿ ಸಲ ಇಳ್ಯೂಕಿಂತ ಮೊದಲ ನಿಂತು, ಹಿಂದ ನೋಡಿ, ಸೆರಗ ಬಿಗಿ ಮಾಡ್ಕೊಂಡು ಇಳೀತಿದ್ಲು.

ದೊಡ್ಡ ರಸ್ತಾ ಬಂತು. ಎದುರಿಗೆ ಬೀರಪ್ಪನ ಗುಡಿ, ನಡುವ ಎಂಬತ್ತು ಫೂಟ ಡಾಂಬರು. ಪದ್ಮವ್ವ ಕರೀ ಕಲ್ಲಿನ ಬಾಜೂಕ ನಿಂತ್ಲು, ಕಲ್ಲಿನ ಮ್ಯಾಲ ಕೈ ಊರಿದ್ಲು. ಅಮಸಿದ್ದಪ್ಪ ಅಲ್ಲೇ ಇದ್ದ ಅನಸವ್ವನ ಚಾದಂಗಡಿ ಮರೆಗೆ ನಿಂತ.

ಒಂದು ಟ್ರ್ಯಾಕ್ಟರ್ ಹೋತು. ಆಕಿ ಕಾಲ ಇಟ್ಲು, ಬಸ್ ಬಂತು, ಕಾಲ ತಗದ್ಲು. ಮತ್ತ ಇಟ್ಲು, ಮೋಟರ್ ಸೈಕಲ್ ಹಾರ್ನ್ ಹೊಡಕೋತ ಮೂಗಿನ ಮುಂದ ಹಾದು ಹೋತು, ತಗದ್ಲು. ಗಟ್ಟಿ ಕಾಲಿನ ಹುಡುಗರು ಓಡಿ ದಾಟಿದ್ರು. ಆಕಿಗೆ ಓಡಾಕ ಬರೂದಿಲ್ಲ. ನಾಕನೇ ಸಲ ಕಾಲ ಇಡಲೇ ಇಲ್ಲ. ಸುಮ್ಕ ಕಲ್ಲಿನ ಬುಡಕ ಕುಂತ್ಲು.

ಬುಟ್ಟ್ಯಾಗಿನ ನಾಕು ಚೆಂಡುಹೂವು ತಗದು ಅಲ್ಲೇ ಕಲ್ಲಿನ ಬುಡಕ ಇಟ್ಲು. ಗುಡಿ ಕಡೆ ಮಾರಿ ಮಾಡಿ ಕೈ ಮುಗದ್ಲು. ಟ್ರ್ಯಾಕ್ಟರ್ ಅಡ್ಡ ಬಂದಾಗ ಕಣ್ಣ ಮುಚ್ಚಿದ್ಲು, ಹೋದ ಮ್ಯಾಲ ತಗದ್ಲು. ಆಮ್ಯಾಲ ಸೊಂಟದ ಗಂಟಿನಿಂದ ಸಣ್ಣ ಕಾಗದದ ಪುಡಕಿ ಬಿಚ್ಚಿ ಗುಡಿ ಕಡೆ ಎತ್ತಿ ಹಿಡದು, ಅದರಾಗಿನ ಅರಿಷಿಣ ತನ್ನ ಹಣಿಗೆ ಹಚ್ಚಿಕೊಂಡ್ಲು. ಉಳದದ್ದನ್ನ ಹುಷಾರಿಲೆ ಮಡಚಿ ಮತ್ತ ಗಂಟಿಗೆ ಕಟ್ಟಿದ್ಲು. ಅದು ಗಂಡಗ.

ಅಮಸಿದ್ದಪ್ಪನ ಕೈ ತಾನ ಹಣಿಗೆ ಹೋತು. ಇಷ್ಟ ದಿನಾ ಅವನ ಹಣಿಮ್ಯಾಲ ಇದ್ದದ್ದು ಅಡಗಿಮನಿ ಡಬ್ಬ್ಯಾಗಿನ ಅರಿಷಿಣ. ಪಲ್ಯಾಕ್ಕ ಹಾಕೂ ಅರಿಷಿಣ! ಗುಡೀ ಭಂಡಾರಕ್ಕ ಲೋಬಾನದ ವಾಸ್ನಿ ಇರತೈತಿ, ಕೊಬ್ಬರಿ ವಾಸ್ನಿ ಇರತೈತಿ. ಕತ್ತಲದಾಗ ವಾಸ್ನಿ ಮ್ಯಾಲ ತನ್ನ ಕುರಿ ಗುರುತ ಹಿಡ್ಯಾವಗ ಇದು ಗೊತ್ತಾಗಲಿಲ್ಲ ನೋಡ್ರಿ. ಮತ್ತ ಆ ಹೂವು! ಮಂದಿ ಪ್ರೀತಿ ಅಂತ ಊರೆಲ್ಲಾ ಹೇಳಕೊಂಡು ಬಂದಿದ್ನಲ್ಲ. ನಾಚಿಕಿಗೆ ಅವನ ಕಿವಿ ಬಿಸಿ ಆದ್ವು.

ಪದ್ಮವ್ವ ಎದ್ದು ತಿರುಗಿದ್ಲು. ಗಂಡ ಎದುರಿಗೆ ನಿಂತಿದ್ದ.

"ಎಷ್ಟ ದಿನಾ ಆತು?" ಅಂದ.

ಆಕಿ ನೆಲಾ ನೋಡಿದ್ಲು. "ದೀಪಾವಳಿ ಆದ ಮ್ಯಾಲ್ರಿ. ಕಬ್ಬಿನ ಸೀಜನ್ ಸುರು ಆತಲ್ಲ. ಒಂದಿನ ನಡುರಸ್ತಾದಾಗ ಕಾಲ ಹಿಡಕೊಂಡ ಬಿಡ್ತು. ಅತ್ತ ಹೋಗಾಕ ಇಲ್ಲ, ಇತ್ತ ಬರಾಕ ಇಲ್ಲ. ಎರಡೂ ಕಡೆಯಿಂದ ಗಾಡಿ. ಅವತ್ತಿಂದ ಧೈರ್ಯ ಆಗಲಿಲ್ರಿ."

"ನನಗ ಯಾಕ ಹೇಳಲಿಲ್ಲ?"

"ಹ್ಯಾಂಗ ಹೇಳ್ಲಿ?" ಪದ್ಮವ್ವನ ಕಣ್ಣ ತುಂಬಿದ್ವು. "ಈ ರಸ್ತಾ ಆದ ದಿನಾ ನೀವು ಸಣ್ಣ ಹುಡುಗನಂಗ ಕುಣದ್ರಿ. ಮುಳುಗಡಿ ಆದ ಮ್ಯಾಲ ನೀವ ಅಷ್ಟ ನಕ್ಕಿದ್ದು ಅವತ್ತ ಒಂದ ದಿನಾ. ಮೆಂಬರ್ ಮಾಡಿಸಿದ ರಸ್ತಾ ಮೆಂಬರನ ಹೇಣ್ತಿಗೆ ದಾಟಾಕ ಬರೂದಿಲ್ಲ ಅಂದ್ರ ಊರು ನಗೂದಿಲ್ಲೇನ್ರಿ?"

ಚಾದಂಗಡಿ ಅನಸವ್ವ ಸುಮ್ಕ ಇರಾಕಿ ಅಲ್ಲ. "ಇಕಿ ಆಣಿ ಹಾಕಿಸಿದ್ಲು ಅಂತ ಬಾಯಿ ಮುಚಗೊಂಡಿದ್ನಿ ಮೆಂಬರ್ ಸಾಹೇಬ್ರ. ಈಗ ಬಂದೀರಿ, ಇದನ್ನೂ ನೋಡ್ರಿ" ಅಂತ ಅಂಗಡಿ ಹಿಂದಿನ ತಟ್ಟಿ ಸರಿಸಿದ್ಲು. ಅಲ್ಲಿ ಒಂದು ಸೈಕಲ್ ನಿಂತಿತ್ತು. ಎಂಟನೇ ಇಯತ್ತೆ ಹುಡುಗ್ಯಾರಿಗೆ ಸರಕಾರ ಕೊಡೂ ಸೈಕಲ್. ಹ್ಯಾಂಡಲಿಗೆ ಕಟ್ಟಿದ ಗುಲಾಬಿ ರಿಬ್ಬನ್ ಅಮಸಿದ್ದಪ್ಪಗ ಗುರುತ ಸಿಕ್ಕಿತು. ಅವನ ಮೊಮ್ಮಗಳು ಶೀತಲ್‌ದು.

"ಚೇನ್ ಕಡದೈತಿ ಅಂತ ನಿನ್ನೆ ಇಲ್ಲೇ ಬಿಟ್ಟು ಹೋಗ್ಯಾಳ. ಇವತ್ತ ರವಿವಾರ ಅಂತ ಒಂದ ಐತಿ. ಸಾಲಿ ಇದ್ದ ದಿನಾ ಹನ್ನೊಂದು ಇರತಾವ" ಅಂದ್ಲು ಅನಸವ್ವ. "ಮನಿಂದ ಇಲ್ಲೀತನಾ ಹತ್ತಿ ಬರ್ತಾರ. ದೊಡ್ಡ ರಸ್ತಾದಾಗ ಹೊಡ್ಯಾಕ ಅಂಜಿ ಇಲ್ಲಿ ನಿಲ್ಲಿಸಿ, ಕೈ ಕೈ ಹಿಡಕೊಂಡು ಓಡಿ ದಾಟಿ, ಅಲ್ಲಿಂದ ಒಂದೂವರಿ ಮೈಲ ನಡಕೋತ ಸಾಲಿಗೆ ಹೊಕ್ಕಾವ ಹುಡುಗ್ಯಾರು. ಚಾದಂಗಡಿ ಇಟ್ಟಿದ್ನಿ, ಸೈಕಲ್ ಸ್ಟ್ಯಾಂಡ್ ಆತು."

ಅಂದ್ರ ಮನ್ಯಾಗ ಎಲ್ಲಾರಿಗೂ ಗೊತ್ತಿತ್ತು. ಗೊತ್ತಿಲ್ಲದಾಂವ ಮೆಂಬರ್ ಒಬ್ಬನ.

ಅಮಸಿದ್ದಪ್ಪ ಹೆಗಲ ಮ್ಯಾಲಿನ ಟಾವೆಲ್ ತಗದ. ಹೇಣ್ತಿ ಕೈ ಹಿಡದ. ಲಗ್ನ ಆಗಿ ನಲವತ್ತು ವರ್ಷದಾಗ ಹಾಡಹಗಲ ನಾಕು ಮಂದ್ಯಾಗ ಆಕಿ ಕೈ ಹಿಡದದ್ದು ಅದ ಮೊದಲು. ಆಕಿ, "ರೀ, ಮಂದಿ ನೋಡ್ತಾರ" ಅಂದ್ರೂ ಬಿಡಲಿಲ್ಲ. ರಸ್ತಾದಾಗ ಇಳದು, ಟಾವೆಲ್ ಎತ್ತಿ ಬೀಸಿ, ಕುರಿ ದಾಟಸೂ ಕಾಲಕ್ಕ ಹೊಡೀತಿದ್ದ ಸೀಟಿ ಜೋರಿಲೆ ಹೊಡದ. ಕಬ್ಬಿನ ಟ್ರ್ಯಾಕ್ಟರ್ ಕಿರ್ರಂತ ನಿಂತು, ಡ್ರೈವರ್ ಬೈದ. ಅಮಸಿದ್ದಪ್ಪ ತಿರುಗಿ ನೋಡಲಿಲ್ಲ. ಎಡಗಾಲು ಊರು, ಬಲಗಾಲು ಎಳಿ, ಎಡಗಾಲು ಊರು, ಬಲಗಾಲು ಎಳಿ. ಆಕಿ ನಡದಷ್ಟ ಅಂವ ನಡದ.

ಗುಡ್ಯಾಗ ಪದ್ಮವ್ವ ಬೀರಪ್ಪನ ಮುಂದ ಕುಂತು ಹೊಟ್ಟಿ ತುಂಬ ಅತ್ತ್ಲು. ಮೂರು ತಿಂಗಳದ ಅಳು. ಆಮ್ಯಾಲ ಕಣ್ಣ ವರಸಿಕೊಂಡು, ನಗಕೋತ ಅಂದ್ಲು: "ಇವತ್ತ ನೀವ ಬಂದ್ರಿ, ಛಲೋ ಆತು. ಮುಂದಿನ ರವಿವಾರ ನಿಮಗ ಮೀಟಿಂಗ ಇದ್ರ? ಮತ್ತ ಆ ಹನ್ನೊಂದು ಹುಡುಗ್ಯಾರಿಗೆ ಯಾರ ಸೀಟಿ ಹೊಡೀತಾರ್ರಿ?"

ಆ ಮಾತ ಅಮಸಿದ್ದಪ್ಪನ ಎದಿಯಾಗ ನಾಟಿ ಕುಂತಿತು.

ಬುಧವಾರ ಸಭಾ. ಪಂಚಾಯ್ತಿ ಹಾಲ್ ತುಂಬಿತ್ತು. ಹಿಂದಿನ ಸಾಲಿನ್ಯಾಗ ಸ್ವಸಹಾಯ ಸಂಘದ ಹೆಣಮಕ್ಕಳು, ಅವರ ನಡುವ ಪದ್ಮವ್ವ. ಗಿರಿಮಲ್ಲಪ್ಪ ಕಮಾನಿನ ಚಿತ್ರ ಎತ್ತಿ ಹಿಡದು ಮಾತಾಡಿದ. "ಊರಿಗೆ ಒಂದು ಕಳಾ ಬೇಕ್ರಿ. ಜಮಖಂಡಿಗಿ ಅರಮನಿ ಐತಿ, ನಮಗೇನೈತಿ?" ನಾಕು ಮಂದಿ ಚಪ್ಪಾಳಿ ಹೊಡದ್ರು. ಅವನ ಮಾತೂ ಸುಳ್ಳಲ್ಲ ಬಿಡ್ರಿ, ಊರಿನ ಮ್ಯಾಲ ಅವಗೂ ಅಭಿಮಾನ.

ಹಾಲ ಮಾರೂ ಹೊಳೆಪ್ಪ ಎದ್ದು ನಿಂತ. "ನಾ ಸೈಕಲ್ಲಿಗೆ ಎರಡು ಕ್ಯಾನ್ ಕಟಗೊಂಡು ತೋಟದಿಂದ ಬರ್ತೇನ್ರಿ. ಹಿಂದ ಟ್ರ್ಯಾಕ್ಟರ್ ಹಾರ್ನ್ ಹೊಡದ್ರ ಎಲ್ಲಿ ಇಳೀಲಿ? ಗಟಾರಕ್ಕ ಇಳೀತೇನಿ. ಈ ತಿಂಗಳ ನಿಮ್ಮ ಗಟಾರಕ್ಕ ಎರಡು ಸಲ ಹಾಲಿನ ಅಭಿಷೇಕ ಆಗೇತಿ." ಮಂದಿ ನಕ್ರು. ಹೊಳೆಪ್ಪ ಮೊಳಕೈ ಮ್ಯಾಲಿನ ಗಾಯ ತೋರಿಸಿದ ಮ್ಯಾಲ ನಗಿ ನಿಂತಿತು.

"ಫುಟ್‌ಪಾತ್ ಮಾಡಿದ್ರ ಏನಾತು?" ಅಂದ ಗಿರಿಮಲ್ಲಪ್ಪ. "ಮರುದಿನ ಅದರ ಮ್ಯಾಲ ಅಂಗಡಿ ಡಬ್ಬಿ ಕುಂದರತಾವ. ರೊಕ್ಕ ನೀರಾಗ ಹೋಮ ಮಾಡಿದಂಗ. ಅಮಸಿದ್ದಪ್ಪ ಹೇಳ್ಲಿ, ಅವನ ಮನಿ ಕಟ್ಟೀನ ಓಣ್ಯಾಗ ಮೂರು ಫೂಟ ಬಂದೈತಿ!"

ಎಲ್ಲಾರ ಕಣ್ಣು ಅಮಸಿದ್ದಪ್ಪನ ಮ್ಯಾಲ ಬಿದ್ವು. ಅಂವ ಎದ್ದ.

"ಖರೆ ಐತಿ" ಅಂದ. "ನನ್ನ ಎಲ್ಯಾಗ ಹೆಗ್ಗಣ ಬಿದ್ದಾಗ ಮಂದಿ ಎಲ್ಯಾಗಿನ ನೊಣ ತೋರಸಾಕ ಬರೂದಿಲ್ಲ. ನಾಳೆ ಮುಂಜಾನೆ ಆ ಕಟ್ಟಿ ನಾನ ಒಡೀತೇನಿ. ಬರಾವ್ರು ಗುದ್ದಲಿ ತಗೊಂಡ ಬರ್ರಿ."

ಅಮಸಿದ್ದಪ್ಪ ಹಿಂದಿನ ಸಾಲಿನ ಕಡೆ ತಿರುಗಿದ.

"ನಾ ಕುರಿ ಕಾದಾಂವ. ಹಿಂಡ ನಡಸಾಂವ ಮುಂದಿನ ಟಗರು ನೋಡಿ ನಡಸೂದಿಲ್ರಿ. ಟಗರಿಗೇನ, ತಾನ ಹೊಕ್ಕೈತಿ. ಎಲ್ಲಾದಕ್ಕೂ ಹಿಂದ ಬರೂ ಕುಂಟ ಕುರಿ, ನಿನ್ನೆ ಹುಟ್ಟಿದ ಮರಿ, ಅವು ಎಷ್ಟ ನಡೀತಾವ ಹಿಂಡ ಅಷ್ಟ ನಡೀಬೇಕು. ನಮ್ಮಪ್ಪ ಕೋಲ ಕೈಯಾಗ ಕೊಡುವಾಗ ಹೇಳಿದ ಮಾತಿದು. ಮೆಂಬರ್ ಆದ ಮ್ಯಾಲ ನಾ ಬರೇ ಟಗರು ನೋಡಿದೆ. ಟಗರಿಗೆ ಎಂಬತ್ತು ಫೂಟ ರಸ್ತಾ ಮಾಡಿಸಿದೆ." ಹಣಿ ಮುಟ್ಟಿಕೊಂಡ. "ಮೂರು ತಿಂಗಳಾತ್ರಿ, ಈ ಹಣಿಮ್ಯಾಲ ಇದ್ದದ್ದು ಬೀರಪ್ಪನ ಭಂಡಾರ ಅಲ್ಲ, ನಮ್ಮ ಅಡಗಿಮನಿ ಅರಿಷಿಣ. ನನ್ನ ಹೇಣ್ತಿಗೆ ನನ್ನ ರಸ್ತಾ ದಾಟಾಕ ಆಗಿಲ್ಲ. ಕಲ್ಲಿನ ಬುಡಕಿನ ಹೂವು ನಮಗ ಇಟ್ಟದ್ದಲ್ಲೋ ಗಿರಿಮಲ್ಲಪ್ಪ. ದೇವರತನಕ ಹೋಗಲಾರದ ಅಲ್ಲಿ ಉಳದ ಹೂವು ಅವು."

ಹಿಂದಿನ ಸಾಲಿನ್ಯಾಗ ಪದ್ಮವ್ವ ಸೆರಗಿಲೆ ಮಾರಿ ಮುಚಗೊಂಡ್ಲು. ಬಾಜೂಕ ಕುಂತ ಅಲಕಾ ಅಕ್ಕೋರು ಆಕಿ ಬೆನ್ನ ಮ್ಯಾಲ ಕೈ ಇಟ್ರು.

ಅಧ್ಯಕ್ಷರು, ಕೈ ಎತ್ರಿ ಅಂದ್ರು. ಫುಟ್‌ಪಾತಿಗೆ ಏಳು ಕೈ ಎದ್ವು, ಎಂಟನೇದು ಅಮಸಿದ್ದಪ್ಪಂದು. ಒಂದು ಗಳಿಗಿ ಬಿಟ್ಟು ಒಂಬತ್ತನೇ ಕೈ ಎದ್ದಿತು. ಗಿರಿಮಲ್ಲಪ್ಪ ಕಮಾನಿನ ಚಿತ್ರ ಸುರುಳಿ ಸುತ್ತಿ ಬಗಲಾಗ ಇಟಗೊಂಡಿದ್ದ. "ನನ್ನ ತಾಯಿಗೂ ಮೊಣಕಾಲ ನೋವ ಐತ್ರಿ. ಆಕಿ ಈಗ ಎಲ್ಲಿಗೂ ಹೋಗೂದ ಬಿಟ್ಟಾಳ. ಯಾಕ ಅಂತ ನಾ ಕೇಳಿರಲಿಲ್ಲ" ಅಂದ.

ಎಲ್ಲಾ ಒಮ್ಮೆಲೆ ಆತು ಅಂತ ತಿಳೀಬ್ಯಾಡ್ರಿ. ಆ ವರ್ಷದ ರೊಕ್ಕದಾಗ ಫುಟ್‌ಪಾತ್ ಒಂದ ಬದಿಗೆ ಆತು. ಸೈಕಲ್ ದಾರಿ ಸಾಲಿ ಕಡೆಯಿಂದ ಸುರು ಆಗಿ ಅರ್ಧಕ್ಕ ನಿಂತು, ಮುಂದಿನ ವರ್ಷ ಮುಗೀತು. ಎರಡು ಅಂಗಡ್ಯಾವ್ರು ಜಗಳಾ ತಗದ್ರು. ಅಮಸಿದ್ದಪ್ಪ ತನ್ನ ಒಡದ ಕಟ್ಟಿ ತೋರಿಸಿದ ಮ್ಯಾಲ ಡಬ್ಬಿ ಹಿಂದ ಸರಿಸಿದ್ರು. ಆದ್ರ ಗುಡಿ ಮುಂದಿನ ಹಂಪು, ಬಿಳಿ ಪಟ್ಟಿ, ಕಬ್ಬಿನ ಸೀಜನ್ ಸುರು ಆಗೂಕಿಂತ ಮೊದಲ ಆದ್ವು. ಅನಸವ್ವನ ಅಂಗಡಿ ಹಿಂದ ಈಗ ಸೈಕಲ್ ಇಲ್ಲ, ಕಟಗಿ ಒಟ್ಟ್ಯಾಳ.

ಆ ವರ್ಷ ದೀಪಾವಳಿ ಆದ ಮ್ಯಾಲ ಮೊದಲನೇ ರವಿವಾರ. ಪದ್ಮವ್ವ ಬುಟ್ಟಿ ಹಿಡಕೊಂಡು ಒಬ್ಬಾಕಿನ ಹೊಂಟ್ಲು. ಅಮಸಿದ್ದಪ್ಪಗ ಹಿಂದ ಹೋಗಬೇಕು ಅನಸ್ತು, ಹೋಗಲಿಲ್ಲ. ಒಳಗ ಬಂದ, ಹೊರಗ ಹೋದ, ಚಾ ಆರಿ ಹೋತು. ಕಡೀಗೆ ಓಣಿ ತಿರುವಿನ್ಯಾಗ ಎಡಗಾಲು ಊರಿ ಬಲಗಾಲು ಎಳ್ಯೂ ಸಪ್ಪಳ ಕೇಳಿಸ್ತು.

ಪದ್ಮವ್ವ ಬಂದು ಸೊಂಟದ ಗಂಟ ಬಿಚ್ಚಿ ಗಂಡನ ಹಣಿಗೆ ಭಂಡಾರ ಹಚ್ಚಿದ್ಲು.

"ಇದು ಎಲ್ಲೀದು?" ಅಂದ ಅಮಸಿದ್ದಪ್ಪ.

"ವಾಸ್ನಿ ನೋಡ್ರಿ" ಅಂದ್ಲು ಪದ್ಮವ್ವ.

ಆಕಿ ಬೆರಳು ಮೂಗಿನ ಸನೇಕ ಹಿಡಕೊಂಡ. ಲೋಬಾನ ಇತ್ತು, ಕೊಬ್ಬರಿ ಇತ್ತು. ಅಮಸಿದ್ದಪ್ಪ ಆ ಕೈ ಭಾಳ ಹೊತ್ತ ಬಿಡಲಿಲ್ಲ.

ಅಕ್ಕಾರ, ಅಣ್ಣಾರ, ಸುರುವಿಗೆ ಒಂದು ಹೆಸರ ಮನಸಿನ್ಯಾಗ ಇಟಗೋರಿ ಅಂದಿದ್ನಿ. ಈಗ ಆ ಹೆಸರ ತಗೀರಿ. ನಿಮ್ಮ ಅವ್ವ ಇರಬಹುದು, ಅತ್ತಿ ಇರಬಹುದು, ಸಾಲಿಗೆ ಹೋಗೂ ಮಗಳಿರಬಹುದು. ಈ ರವಿವಾರ ಗಾಡಿ ಮನ್ಯಾಗ ಬಿಟ್ಟು ಅವರ ಹಿಂದ ಒಂದು ಸಲ ನಡೀರಿ. ಎಲ್ಲಿ ನಿಂತ್ರು, ಎಲ್ಲಿ ಅಂಜಿದ್ರು, ಎಲ್ಲಿಂದ ತಿರುಗಿ ಬಂದ್ರು ನೋಡ್ರಿ. ನೋಡಿದ್ದನ್ನ ಒಂದು ಹಾಳ್ಯಾಗ ಬರದು, ಓಣಿಯವ್ರ ಸಹಿ ಹಾಕಿಸಿ, ನಿಮ್ಮೂರ ಪುರಸಭಾಕ್ಕರೆ ಪಂಚಾಯ್ತಿಗರೆ ಕೊಟ್ಟು ಶಿಕ್ಕಾ ಹೊಡದ ನಕಲ ತಗೋರಿ. ಬಜೆಟ್ ಮಾಡೂಕಿಂತ ಮುಂಚಿನ ಸಭಾ ಯಾವಾಗ ಅಂತ ನೀವ ಹೋಗಿ ಕೇಳ್ರಿ, ಯಾರೂ ಮನಿಗೆ ಬಂದು ಕರ್ಯೂದಿಲ್ಲ. ಸಭಾಕ್ಕ ಹೋಗಿ ಬಾಯಿ ಬಿಟ್ಟು ಮಾತಾಡ್ರಿ. ನಿಮ್ಮ ಮನಿ ಕಟ್ಟಿ ರಸ್ತಾಕ್ಕ ಬಂದಿದ್ರ, ಮೊದಲ ಅದನ್ನ ತಗೀರಿ.

ಮತ್ತ ಒಂದ ಮಾತು. ಅವರು ಮನಿಗೆ ಬಂದು "ಹೋಗಿ ಬಂದೆ" ಅಂದಾಗ, ಸನೇಕ ಕುಂದರಿಸಿಕೊಂಡು ಕೇಳ್ರಿ: "ಎಲ್ಲೀತನಾ ಹೋಗಿದ್ದೆವ್ವಾ?"